ಅದೇ ವೈನ್, ಅರ್ಧ ಹೆಸರು

ಇವತ್ತು ನಾನು ಹೇಳ್ತಿರೋದು ಒಂದು ವೈನಿನ ಕಥೆ. ರುಚಿಗಿಂತ ಹೆಚ್ಚಾಗಿ, ಅದರ ಹೆಸರಿನ ಕಥೆ.

ಇಟಲಿಯ ಈಶಾನ್ಯ ಮೂಲೆಯಲ್ಲಿ, ಸ್ಲೊವೇನಿಯಾ ಗಡಿಗೆ ಅಂಟಿಕೊಂಡು ಫ್ರಿಯುಲಿ ಅನ್ನೋ ಸೀಮೆ ಇದೆ. ಅಲ್ಲಿಯ ಒಂದು ಬಿಳಿ ವೈನ್ ‘ಡ್ರೈ’. ಅಂದ್ರೆ ದ್ರಾಕ್ಷಿಯ ಸಕ್ಕರೆ ಬಹುತೇಕ ಎಲ್ಲಾ ಹುದುಗಿ ಆಲ್ಕೋಹಾಲ್ ಆಗಿರುತ್ತೆ, ಸಿಹಿ ಉಳಿಯಲ್ಲ. ಕೊನೆಗೆ ಬಾದಾಮಿಯಂಥ ಸಣ್ಣ ಕಹಿ. ಇದನ್ನ ಜನ ‘ತೊಕಾಯ್ ಫ್ರಿಯುಲಾನೊ’ ಅಂತಿದ್ರು.

ತಕರಾರು ಇಲ್ಲೇ. ಹಂಗೇರಿಯಲ್ಲಿ ತೊಕಾಯ್ ಅನ್ನೋ ಊರೇ ಇದೆ. ಅಲ್ಲಿಯ ಸಿಹಿ ವೈನ್ ಜಗತ್ಪ್ರಸಿದ್ಧ; ಇಂಗ್ಲಿಷಿನಲ್ಲಿ ಅದು ‘ಟೊಕೇ’. ದ್ರಾಕ್ಷಿ ಬೇರೆ, ರುಚಿ ಬೇರೆ. ಕಿವಿಗೆ ಮಾತ್ರ ಎರಡೂ ಒಂದೇ.

1993ರಲ್ಲಿ ಹಂಗೇರಿ ಜೊತೆ ಯುರೋಪಿಯನ್ ಸಮುದಾಯ ಒಪ್ಪಂದ ಮಾಡಿಕೊಳ್ತು: 2007ರ ಮಾರ್ಚ್ 31ರ ನಂತರ ಇಟಲಿಯವರು ‘ತೊಕಾಯ್’ ಅನ್ನುವಂತಿಲ್ಲ. ಫ್ರಿಯುಲಿಯ ಪ್ರಾಂತೀಯ ಸರ್ಕಾರ ಕೋರ್ಟ್ ಮೆಟ್ಟಿಲೇರಿತು. 2005ರಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಂದವನ್ನೇ ಎತ್ತಿಹಿಡಿಯಿತು. ಹಂಗೇರಿಯವರದ್ದು ಸ್ಥಳದ ಹೆಸರು, ಫ್ರಿಯುಲಿಯವರದ್ದು ದ್ರಾಕ್ಷಿ ತಳಿಯ ಹೆಸರು ಅನ್ನೋದು ಅಲ್ಲಿ ಮುಖ್ಯವಾಯ್ತು. ಸ್ಥಳದ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ಮೈಸೂರು ಮಲ್ಲಿಗೆಗೆ ಜಿಐ ಟ್ಯಾಗ್ ಇರೋ ಹಾಗೆ.

ಈಗ ಲೇಬಲ್ ಮೇಲೆ ಬರೀ ‘ಫ್ರಿಯುಲಾನೊ’, ಇಂಗ್ಲಿಷಿನಲ್ಲೂ ಅದೇ. ಪಕ್ಕದ ವೆನೆಟೊದವರು ಹೆಸರನ್ನ ‘ತಾಯ್’ ಅಂತ ಮೊಟಕು ಮಾಡಿಕೊಂಡ್ರು. ಬೆಳೆಗಾರರ ಮಟ್ಟಿಗೆ ಇದು ಸಣ್ಣ ಪೆಟ್ಟಲ್ಲ: ಬಾಟಲಿಯೊಳಗಿನದು ಹಳೇದೇ, ಆದ್ರೆ ಗಿರಾಕಿಗೆ ಹೊಸದಾಗಿ ಪರಿಚಯ ಮಾಡಿಕೊಡ್ಬೇಕು. ನನಗಂತೂ ಒಂದು ಸಮಾಧಾನ ಕಾಣುತ್ತೆ. ‘ಫ್ರಿಯುಲಾನೊ’ ಅಂದ್ರೆ ‘ಫ್ರಿಯುಲಿಯದು’ ಅಂತ. ಉಳಿದ ಅರ್ಧ ಹೆಸರಲ್ಲಿ ಅವರ ಊರಾದ್ರೂ ಇದೆ.