ಹಳೆಯ ಲಿನಕ್ಸು, ಹೊಸ ತಂತ್ರಾಂಶ: ಹಾಕಿದ್ದನ್ನು ತೆಗೆಯಲು ಬರಬೇಕು

2024ರ ಫೆಬ್ರುವರಿ ಆರಂಭದಲ್ಲಿ ಮೈಕ್ರೊಸಾಫ್ಟ್‌ನ ವಿಎಸ್ ಕೋಡ್ ಎಡಿಟರಿನ 1.86ನೇ ಆವೃತ್ತಿ ಬಂತು. ಅಪ್‌ಡೇಟ್ ಮಾಡಿಕೊಂಡ ಅನೇಕ ಪ್ರೋಗ್ರಾಮರುಗಳಿಗೆ ತಮ್ಮ ದೂರದ ಸರ್ವರುಗಳ ಸಂಪರ್ಕವೇ ಸಿಗದಂತಾಯಿತು. ಸರ್ವರು ಕೆಟ್ಟಿರಲಿಲ್ಲ, ನೆಟ್‌ವರ್ಕೂ ಸರಿಯಾಗಿಯೇ ಇತ್ತು. ವಿಎಸ್ ಕೋಡ್ ದೂರದ ಯಂತ್ರದಲ್ಲಿ ತನ್ನದೇ ಒಂದು ಭಾಗವನ್ನು ಇಳಿಸಿ ಓಡಿಸುತ್ತದೆ. ಆ ಭಾಗ ಈಗ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ 2.28 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕೆಂದು ಹಟ ಹಿಡಿದಿತ್ತು. ಸೆಂಟ್‌ಒಎಸ್ 7ರಲ್ಲಿದ್ದದ್ದು 2.17. ಉಬುಂಟು 18.04ರಲ್ಲಿ 2.27. ಈ ಎರಡನೆಯದು ಕೂದಲೆಳೆಯಲ್ಲಿ ತಪ್ಪಿದ್ದು: ಉಬುಂಟುವಿನ ಆ ಆವೃತ್ತಿ ಬಿಡುಗಡೆಯಾದದ್ದು 2018ರ ಏಪ್ರಿಲ್‌ನಲ್ಲಿ, ಜಿಲಿಬ್‌ಸಿ 2.28 ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ದೂರುಗಳು ಬಂದು ಬಿದ್ದ ಮೇಲೆ ಮೈಕ್ರೊಸಾಫ್ಟ್ ಕೆಲವೇ ದಿನಗಳಲ್ಲಿ 1.86.1 ಹೊರಡಿಸಿ, ಹಳೆಯ ಯಂತ್ರಗಳಿಗೆ ಎಚ್ಚರಿಕೆಯ ಜೊತೆಗೆ ಇನ್ನಷ್ಟು ಕಾಲಾವಕಾಶ ಕೊಟ್ಟಿತು.

ಇಂಥ ಪ್ರಸಂಗ ಬಂದಾಗಲೆಲ್ಲ ಲಿನಕ್ಸ್ ಬಳಗದಲ್ಲಿ ಎರಡು ಮಾತು ಕೇಳಿಬರುತ್ತವೆ. ಹಳತಿಗೆ ಜೋತುಬಿದ್ದವರಿಗೆ ಹೀಗೇ ಆಗಬೇಕು, ಆರ್ಚ್‌ನಂಥ ದಿನದಿನವೂ ಹೊಸದಾಗುವ ಡಿಸ್ಟ್ರೊ ಹಾಕಿಕೊಳ್ಳಲಿ ಎನ್ನುವುದು ಒಂದು. ಸ್ಥಿರ ಆವೃತ್ತಿ ಬೇಕೆಂದವರು ಅದು ಕೊಟ್ಟಷ್ಟರಲ್ಲೇ ತೃಪ್ತರಾಗಲಿ, ಹೊಸತಿನ ಆಸೆ ಬಿಡಲಿ ಎನ್ನುವುದು ಇನ್ನೊಂದು. ಎರಡೂ ಸೋಮಾರಿ ಉತ್ತರಗಳೇ. ಡೆಬಿಯನ್‌ನಂಥ ಹಳೆಯ, ಗಟ್ಟಿ ವ್ಯವಸ್ಥೆಯ ಮೇಲೆ ಹೊಚ್ಚಹೊಸ ತಂತ್ರಾಂಶವನ್ನು ಧಾರಾಳವಾಗಿ ಓಡಿಸಬಹುದು. ತರುತ್ತಿರುವುದು ಎಷ್ಟು ಹೊಸದು ಎಂದು ಅಳೆಯುತ್ತ ಕೂರುವುದರಿಂದ ಪ್ರಯೋಜನವಿಲ್ಲ. ನಾಳೆ ಅದು ಬೇಡವಾದರೆ ಉಳಿದದ್ದೇನೂ ಅಲುಗಾಡದಂತೆ ಹಿಂದಕ್ಕೆ ತೆಗೆಯಲು ಬರುತ್ತದೆಯೇ ಎಂದು ಮಾತ್ರ ನೋಡಬೇಕು.

ಮೊದಲು, ಸ್ಥಿರ ಎಂದರೇನು ಎಂಬುದನ್ನು ನೋಡೋಣ. ಡೆಬಿಯನ್ 12 ಅಂದರೆ ಬುಕ್‌ವರ್ಮ್, 2023ರ ಜೂನ್ 10ರಂದು ಬಿಡುಗಡೆಯಾಯಿತು. ಅದರ ಕರ್ನಲ್ 6.1, ಜಿಲಿಬ್‌ಸಿ 2.36, ಪೈಥಾನ್ 3.11. ಈ ಅಂಕಿಗಳು ಆ ಬಿಡುಗಡೆಯ ಆಯುಷ್ಯವಿಡೀ ಬಹುಮಟ್ಟಿಗೆ ಹೀಗೇ ಇರುತ್ತವೆ. ಹಾಗೆಂದು ಅದು ಕೊಳೆಯುತ್ತ ಬಿದ್ದಿರುವುದಿಲ್ಲ. ಭದ್ರತಾ ಲೋಪ ಕಂಡಾಗ ಹೊಸ ಆವೃತ್ತಿಯಿಂದ ಆ ಲೋಪದ ದುರಸ್ತಿಯನ್ನಷ್ಟೇ ಕಿತ್ತು ತಂದು ಹಳೆಯ ಆವೃತ್ತಿಗೆ ಹೊಲಿಯುತ್ತಾರೆ. 2014ರ ಏಪ್ರಿಲ್‌ನಲ್ಲಿ ಓಪನ್ಎಸ್ಎಸ್ಎಲ್‌ನ ಹಾರ್ಟ್‌ಬ್ಲೀಡ್ ಲೋಪ ಬಯಲಾದಾಗ ಮೂಲ ಯೋಜನೆ 1.0.1ಜಿ ಎಂಬ ಹೊಸ ಆವೃತ್ತಿ ಹೊರಡಿಸಿತು. ಡೆಬಿಯನ್ 7ರ ಬಳಕೆದಾರರಿಗೆ ಬಂದದ್ದು ಮಾತ್ರ ಹಳೆಯ 1.0.1ಇ ಆವೃತ್ತಿಯೇ, ಅದರ ಹೆಸರಿನ ಬಾಲದಲ್ಲಿ ‘ಡೆಬ್7ಯು5’ ಎಂಬ ಗುರುತು ಸೇರಿತ್ತು. ಆವೃತ್ತಿಯ ಸಂಖ್ಯೆ ನೋಡಿ ಇನ್ನೂ ಹಳತೇ ಇದೆಯಲ್ಲ ಎಂದು ಗಾಬರಿಯಾದವರಿಗೆ ಆ ಬಾಲ ಓದಲು ಬರುತ್ತಿರಲಿಲ್ಲ, ಅಷ್ಟೆ. ಹತ್ತಾರು ಸಾವಿರ ಪ್ಯಾಕೇಜುಗಳನ್ನು ಒಂದಕ್ಕೊಂದು ಹೊಂದಿಸಿ, ಪರೀಕ್ಷಿಸಿ, ಆಮೇಲೆ ನಡವಳಿಕೆ ಬದಲಾಗದಂತೆ ಕಾಯುವುದೇ ಇಲ್ಲಿ ಸ್ಥಿರತೆ. ನಾವು ಹೊರಗಿನಿಂದ ಏನನ್ನಾದರೂ ತಂದಾಗ ಕೆಡುವುದು ಈ ಹೊಂದಾಣಿಕೆಯೇ.

ಕೆಡುವುದು ಹೇಗೆ ಎಂಬುದಕ್ಕೆ ಜಿಲಿಬ್‌ಸಿಯೇ ಒಳ್ಳೆಯ ಉದಾಹರಣೆ. ಫೈಲು ತೆರೆಯುವುದು, ಮೆಮೊರಿ ಕೇಳುವುದು, ಪರದೆಗೆ ಅಕ್ಷರ ಕಳಿಸುವುದು ಇಂಥ ಸಾಮಾನ್ಯ ಕೆಲಸಗಳಿಗೆ ಬಹುತೇಕ ಎಲ್ಲ ಪ್ರೋಗ್ರಾಮುಗಳೂ ಹೋಗಿ ನಿಲ್ಲುವುದು ಅದರ ಬಾಗಿಲಲ್ಲಿ. ಅದರ ಪ್ರತಿಯೊಂದು ಫಂಕ್ಷನ್ನಿಗೂ ಆವೃತ್ತಿಯ ಮುದ್ರೆ ಇರುತ್ತದೆ. ಹಳೆಯ ಜಿಲಿಬ್‌ಸಿ ಇಟ್ಟುಕೊಂಡು ಕಟ್ಟಿದ ಪ್ರೋಗ್ರಾಮು ಹೊಸದರಲ್ಲಿ ಓಡುತ್ತದೆ. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಎಷ್ಟೋ ಸಲ ಓಡುವುದಿಲ್ಲ, ಇಂಥ ಮುದ್ರೆಯ ಆವೃತ್ತಿ ಸಿಗಲಿಲ್ಲ ಎಂದು ಒಂದೇ ಸಾಲಿನಲ್ಲಿ ಹೇಳಿ ನಿಂತುಬಿಡುತ್ತದೆ. ಆ ಸಾಲು ಕಂಡ ಹೊಸಬರಿಗೆ ತೋಚುವ ಮೊದಲ ಉಪಾಯ, ಮುಂದಿನ ಬಿಡುಗಡೆಯ ರೆಪೊಸಿಟರಿಯನ್ನು ಪಟ್ಟಿಗೆ ಸೇರಿಸಿ ಬೇಕಾದ್ದನ್ನು ಎಳೆದುಕೊಳ್ಳುವುದು. ಬೇಕಾದ ಪ್ರೋಗ್ರಾಮು ಬರುತ್ತದೆ. ಅದರ ಹಿಂದೆಯೇ ಹೊಸ ಜಿಲಿಬ್‌ಸಿ ಬರುತ್ತದೆ. ಅದು ಬಂದ ಮೇಲೆ ಇನ್ನೊಂದಿಷ್ಟು ಲೈಬ್ರರಿಗಳು ಸಾಲುಗಟ್ಟುತ್ತವೆ. ಡೆಬಿಯನ್ ಬಳಗ ಇದಕ್ಕೆ ‘ಫ್ರಾಂಕನ್‌ಡೆಬಿಯನ್’ ಎಂದು ಹೆಸರಿಟ್ಟು, ಮಾಡಬೇಡಿ ಎಂದು ಹೇಳುತ್ತಲೇ ಬಂದಿದೆ. ಅಂಥ ಯಂತ್ರ ಅಂದೇ ಕುಸಿದುಬೀಳುತ್ತದೆ ಎಂದೇನಲ್ಲ, ತಿಂಗಳುಗಟ್ಟಲೆ ಓಡಲೂಬಹುದು. ಆದರೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿರುತ್ತದೆ. ಹೊಸ ಆವೃತ್ತಿಯಿಂದ ಹಳೆಯದಕ್ಕೆ ಇಳಿಯುವುದನ್ನು ಡೆಬಿಯನ್ ಬೆಂಬಲಿಸುವುದೇ ಇಲ್ಲ. ಸ್ಥಿರವೂ ಅಲ್ಲದ, ಹೊಸದೂ ಅಲ್ಲದ, ಜಗತ್ತಿನಲ್ಲಿ ಬೇರಾರೂ ಪರೀಕ್ಷಿಸಿರದ ವ್ಯವಸ್ಥೆಯೊಂದು ಕೈಗೆ ಬಂದಿರುತ್ತದೆ.

ಪೈಥಾನ್‌ನದ್ದೂ ಇದೇ ಪಾಡು. ಸೆಂಟ್‌ಒಎಸ್ 6ರ ಪೈಥಾನ್ 2.6 ತೀರ ಹಳತೆಂದು ಅದರ ಜಾಗದಲ್ಲೇ ಹೊಸದನ್ನು ಕೂರಿಸಿದವರು, ಪ್ಯಾಕೇಜು ಹಾಕುವ ಯಮ್ ಎಂಬ ಸಾಧನವೇ ಆ ಹಳೆಯ ಪೈಥಾನಿನಲ್ಲಿ ಬರೆದದ್ದು ಎಂಬುದನ್ನು ಕೆಟ್ಟ ಮೇಲೆ ಕಲಿತರು. ರಿಪೇರಿಗೆ ಬೇಕಾದ ಸಲಕರಣೆಯೇ ಮುರಿದ ಸ್ಥಿತಿ ಅದು. ಈಗ ಡೆಬಿಯನ್ 12ರಲ್ಲಿ ಪಿಪ್ ಮೂಲಕ ವ್ಯವಸ್ಥೆಯ ಪೈಥಾನಿಗೆ ನೇರವಾಗಿ ಏನನ್ನಾದರೂ ಹಾಕಹೊರಟರೆ ಅದು ನಿರಾಕರಿಸಿ, ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ ಎನ್ನುತ್ತದೆ. ಇದನ್ನು ಕಿರಿಕಿರಿ ಎಂದು ಬೈಯುವವರು ಬಹಳ. ನನ್ನ ಪ್ರಕಾರ ಇತ್ತೀಚಿನ ಒಳ್ಳೆಯ ತೀರ್ಮಾನಗಳಲ್ಲಿ ಅದೂ ಒಂದು. ವರ್ಚುವಲ್ ಎನ್ವಿರಾನ್‌ಮೆಂಟ್ ಎಂದರೆ ಕೊನೆಗೆ ಒಂದು ಫೋಲ್ಡರು, ಅಳಿಸಿದರೆ ಮುಗಿಯಿತು.

ಇಷ್ಟು ಕೇಳಿದವರಿಗೆ, ಹಾಗಾದರೆ ವ್ಯವಸ್ಥೆಯ ತಳದಲ್ಲಿರುವುದನ್ನು ಮುಟ್ಟಬಾರದು, ಮೇಲಿನದನ್ನಷ್ಟೇ ಬದಲಾಯಿಸಬೇಕು ಎಂದು ಅನ್ನಿಸೀತು. ಅದು ಪೂರ್ತಿ ಸರಿಯಲ್ಲ. ತಳಕ್ಕಿಂತ ತಳದಲ್ಲಿರುವ ಕರ್ನಲ್ ಇದಕ್ಕೆ ಅಪವಾದ. 2022ರ ಡಿಸೆಂಬರ್‌ನಲ್ಲಿ ಬಂದ 6.1 ಕರ್ನಲ್‌ಗೆ ಆಮೇಲೆ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪಿನ ವೈಫೈ ಚಿಪ್ಪೋ ಗ್ರಾಫಿಕ್ಸ್ ಕಾರ್ಡೋ ಗೊತ್ತಿಲ್ಲದಿರಬಹುದು. ಆಗ ಡೆಬಿಯನ್‌ನದ್ದೇ ಆದ ಬ್ಯಾಕ್‌ಪೋರ್ಟ್ಸ್ ರೆಪೊಸಿಟರಿಯಿಂದ ಹೊಸ ಕರ್ನಲ್ ಹಾಕಿಕೊಳ್ಳಬಹುದು, ಜೊತೆಗೆ ಬೇಕಾದ ಫರ್ಮ್‌ವೇರನ್ನೂ. ಇಷ್ಟು ಆಳದ ಬದಲಾವಣೆ ಇಷ್ಟು ಸಲೀಸಾಗಿ ಆಗಲು ಎರಡು ಕಾರಣ. ಮೇಲಿನ ಪ್ರೋಗ್ರಾಮುಗಳೊಂದಿಗಿನ ಒಪ್ಪಂದವನ್ನು ಕರ್ನಲ್ ಮುರಿಯಕೂಡದು ಎಂಬ ವಿಷಯದಲ್ಲಿ ಲೈನಸ್ ಟೊರ್ವಾಲ್ಡ್ಸ್ ಮೊದಲಿನಿಂದಲೂ ಕಟ್ಟುನಿಟ್ಟು. ಆ ನಿಯಮ ಮೀರಿದವರ ಮೇಲೆ ಅವರು ಹರಿಹಾಯ್ದದ್ದು ಜಗಜ್ಜಾಹೀರು. ಇನ್ನೊಂದು, ಹೊಸ ಕರ್ನಲ್ ಬಂದರೂ ಹಳೆಯದು ಅಳಿಯುವುದಿಲ್ಲ. ಯಂತ್ರ ಶುರುವಾಗುವಾಗ ಗ್ರಬ್ ಪಟ್ಟಿಯಲ್ಲಿ ಎರಡೂ ಇರುತ್ತವೆ, ಹೊಸದು ಕೈಕೊಟ್ಟರೆ ಹಳೆಯದನ್ನೇ ಆರಿಸಿಕೊಂಡು ಒಳಗೆ ಬರಬಹುದು. ಕರ್ನಲ್‌ಗೆ ಹೊರಗಿನಿಂದ ಸೇರಿಸಿದ ಡ್ರೈವರುಗಳಿದ್ದವರಿಗೆ ಮಾತ್ರ ಈ ನೆಮ್ಮದಿ ಪೂರ್ತಿ ಸಿಗದು, ಏಕೆಂದರೆ ಒಳಗಿನ ಜೋಡಣೆ ಬದಲಾಗುವುದಿಲ್ಲವೆಂದು ಕರ್ನಲ್ ಯಾರಿಗೂ ಮಾತು ಕೊಟ್ಟಿಲ್ಲ. ಏನಿದ್ದರೂ, ಲೆಕ್ಕಕ್ಕೆ ಬರುವುದು ಆಳವಲ್ಲ. ಹೊಸದೂ ಹಳೆಯದೂ ಅಕ್ಕಪಕ್ಕ ಇರಲು ಬರುತ್ತದೆಯೇ ಎಂಬುದು.

ಬ್ಯಾಕ್‌ಪೋರ್ಟ್ಸ್ ಬಗ್ಗೆ ಇನ್ನೊಂದು ಮಾತು. ಅಲ್ಲಿನ ಪ್ಯಾಕೇಜುಗಳು ಮುಂದಿನ ಬಿಡುಗಡೆಗೆಂದು ತಯಾರಾದವೇ ಆದರೂ ಅವನ್ನು ಈಗಿನ ಸ್ಥಿರ ಬಿಡುಗಡೆಯ ಲೈಬ್ರರಿಗಳ ಜೊತೆಗೇ ಮರಳಿ ಕಟ್ಟಿರುತ್ತಾರೆ. ಹಾಗಾಗಿ ಜಿಲಿಬ್‌ಸಿ ಬೆನ್ನುಹತ್ತಿ ಬರುವುದಿಲ್ಲ. ಆ ರೆಪೊಸಿಟರಿಗೆ ಕೊಟ್ಟಿರುವ ಆದ್ಯತೆ 100, ಸ್ಥಿರ ರೆಪೊಸಿಟರಿಯದು 500. ಆದ್ದರಿಂದ ನಾವು ಹೆಸರು ಹಿಡಿದು ಕೇಳದ ಹೊರತು ಅಲ್ಲಿಂದ ಸಾಮಾನ್ಯವಾಗಿ ಏನೂ ತಾನಾಗಿ ಒಳನುಗ್ಗದು. ಕೊರತೆಯೂ ಇದೆ: ಡೆಬಿಯನ್‌ನ ಭದ್ರತಾ ತಂಡ ಇದರ ಹೊಣೆ ಹೊತ್ತಿಲ್ಲ, ಆಯಾ ಪ್ಯಾಕೇಜು ತಂದವರ ಶ್ರದ್ಧೆಯ ಮೇಲೆ ಅದು ನಿಂತಿದೆ.

ಡೆಸ್ಕ್‌ಟಾಪಿನ ಆ್ಯಪುಗಳಿಗೆ ಈಗ ಫ್ಲ್ಯಾಟ್‌ಪ್ಯಾಕ್ ಇದೆ. ಆ್ಯಪು ತನಗೆ ಬೇಕಾದ ಲೈಬ್ರರಿಗಳನ್ನು ರನ್‌ಟೈಮ್ ಎಂಬ ಕಟ್ಟಿನಲ್ಲಿ ಜೊತೆಗೇ ತರುತ್ತದೆ. ಅದರೊಳಗೆ ಅದರದೇ ಜಿಲಿಬ್‌ಸಿಯೂ ಇರುತ್ತದೆ. ಕೆಳಗಿನ ಡೆಬಿಯನ್ ಎಷ್ಟು ಹಳತೆಂಬುದು ಅದಕ್ಕೆ ಹೆಚ್ಚುಕಡಿಮೆ ಬೇಕಿಲ್ಲದ ಸುದ್ದಿ. ಸರ್ವರಿನಲ್ಲಿ ಡಾಕರ್, ಪಾಡ್‌ಮ್ಯಾನ್ ಕಂಟೇನರುಗಳು ಇದೇ ಕೆಲಸ ಮಾಡುತ್ತವೆ. ಹಳೆಯ ಡೆಬಿಯನ್ ಯಂತ್ರದ ಮೇಲೆ ಹೊಸ ಫೆಡೋರಾದ ಇಡೀ ಪರಿಸರವನ್ನು ಕಂಟೇನರಿನೊಳಗೆ ಓಡಿಸಲು ಬರುವುದೂ ಕರ್ನಲ್‌ನ ಆ ಒಪ್ಪಂದದಿಂದಲೇ. ವಿಎಸ್ ಕೋಡ್ ಪ್ರಸಂಗದಲ್ಲಿ ಕೂಡ ಮುಂದೆ ಮೈಕ್ರೊಸಾಫ್ಟ್ ಸೂಚಿಸಿದ ಪರಿಹಾರ ಇದೇ ಜಾಡಿನದು: ಬೇರೊಂದು ಫೋಲ್ಡರಿನಲ್ಲಿ ಹೊಸ ಜಿಲಿಬ್‌ಸಿ ಇಟ್ಟು, ವಿಎಸ್ ಕೋಡ್‌ನ ಭಾಗಕ್ಕೆ ಮಾತ್ರ ಅದನ್ನು ತೋರಿಸುವುದು. ವ್ಯವಸ್ಥೆಯ ಜಿಲಿಬ್‌ಸಿ ಇದ್ದಲ್ಲೇ ಇರುತ್ತದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಒಂದೇ ಲೈಬ್ರರಿಯ ಹತ್ತು ಪ್ರತಿಗಳನ್ನು ಹತ್ತು ಆ್ಯಪುಗಳು ಹೊತ್ತು ತಿರುಗಿದರೆ ಲೋಪ ಕಂಡಾಗ ಹತ್ತು ಕಡೆ ತೇಪೆ ಹಾಕಬೇಕಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಚಿತ್ರಗಳನ್ನು ತೆರೆಯುವ ಲಿಬ್‌ವೆಬ್‌ಪಿಯಲ್ಲಿ ಗಂಭೀರ ಲೋಪ ಸಿಕ್ಕಾಗ ಆದದ್ದು ಇದೇ. ಡೆಬಿಯನ್ ಒಂದು ಪ್ಯಾಕೇಜನ್ನು ಸರಿಮಾಡಿದರೆ ಅದನ್ನು ಹಂಚಿಕೊಂಡ ಪ್ರೋಗ್ರಾಮುಗಳೆಲ್ಲ ಒಟ್ಟಿಗೆ ಸುರಕ್ಷಿತವಾದವು. ತಮ್ಮೊಳಗೇ ಕ್ರೋಮಿಯಂ ಅಡಗಿಸಿಕೊಂಡ ಎಲೆಕ್ಟ್ರಾನ್ ಆ್ಯಪುಗಳು ಮಾತ್ರ ಒಂದೊಂದೂ ತಮ್ಮ ತಮ್ಮ ತಯಾರಕರ ಹೊಸ ಆವೃತ್ತಿಗಾಗಿ ಕಾಯಬೇಕಾಯಿತು. ಫ್ಲ್ಯಾಟ್‌ಪ್ಯಾಕಿನ ರನ್‌ಟೈಮುಗಳನ್ನು ಹಲವು ಆ್ಯಪುಗಳು ಹಂಚಿಕೊಳ್ಳುವುದರಿಂದ ಈ ತೊಂದರೆ ತುಸು ತಗ್ಗುತ್ತದೆ, ಹೋಗುವುದಿಲ್ಲ. ಡಿಸ್ಕಿನ ಲೆಕ್ಕವೂ ಸಣ್ಣದಲ್ಲ: ಮೊದಲ ಆ್ಯಪಿನ ಜೊತೆ ಬರುವ ರನ್‌ಟೈಮೇ ನೂರಾರು ಎಂಬಿ. ಮೊಬೈಲ್ ಡೇಟಾದಲ್ಲಿ ಇಳಿಸಿಕೊಳ್ಳುವವರಿಗೆ, 128 ಜಿಬಿ ಎಸ್‌ಎಸ್‌ಡಿ ಇರುವವರಿಗೆ ಇದು ಬಿಸಿ ಮುಟ್ಟಿಸುವ ಸಂಗತಿ. ಹಾಗಾಗಿ ಕಂಡಕಂಡದ್ದನ್ನೆಲ್ಲ ಫ್ಲ್ಯಾಟ್‌ಪ್ಯಾಕಿನಲ್ಲಿ ತರುವುದು ಜಾಣತನವಲ್ಲ. ನಿಜಕ್ಕೂ ಹೊಸದಿರಲೇಬೇಕಾದ ನಾಲ್ಕೈದಕ್ಕೆ ಮಾತ್ರ ಅದು ತಕ್ಕದ್ದು; ಉಳಿದದ್ದಕ್ಕೆ ಡೆಬಿಯನ್ ಕೊಟ್ಟದ್ದೇ ಸಾಕು. ತಾನಾಗಿ ಅಪ್‌ಡೇಟ್ ಆಗದ ಆ್ಯಪ್‌ಇಮೇಜ್ ಫೈಲನ್ನು ಇಳಿಸಿ ವರ್ಷಗಟ್ಟಲೆ ಮರೆತು ಕೂರುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಬ್ರೌಸರಿನ ಮಾತು ಬೇರೆ: ಅದರ ಲೋಪಗಳ ದುರಸ್ತಿಯನ್ನು ಹಳೆಯ ಆವೃತ್ತಿಗೆ ಹೊಲಿಯುತ್ತ ಕೂರುವುದು ಆಗದ ಕೆಲಸವೆಂದು ಒಪ್ಪಿಕೊಂಡು ಡೆಬಿಯನ್ ತಾನೇ ಕ್ರೋಮಿಯಂ ಮತ್ತು ಫೈರ್‌ಫಾಕ್ಸ್ ಇಎಸ್‌ಆರ್‌ನ ಹೊಸ ಆವೃತ್ತಿಗಳನ್ನು ಸ್ಥಿರ ಬಿಡುಗಡೆಗೂ ಕಳಿಸುತ್ತದೆ. ಸ್ಥಿರತೆಯ ಕಟ್ಟಾ ಕಾವಲುಗಾರರೇ ಹೀಗೆ ವಿನಾಯಿತಿ ಕೊಟ್ಟುಕೊಂಡಿದ್ದಾರೆಂದ ಮೇಲೆ ಹೊಸದೇ ಬೇಡ ಎನ್ನುವವರ ವಾದ ಎಷ್ಟು ದೂರ ಹೋದೀತು?

ಎಲ್ಲವನ್ನೂ ಹೊಸದಾಗಿಯೇ ಇಟ್ಟುಕೊಂಡರೆ ಈ ರಗಳೆಯೇ ಇಲ್ಲವಲ್ಲ ಎನ್ನುವವರು 2024ರ ಮಾರ್ಚ್ 29ನ್ನು ನೆನೆಯಬೇಕು. ಫೈಲು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಆ ಯೋಜನೆಯ ನಿರ್ವಾಹಕರಲ್ಲೇ ಒಬ್ಬರಾಗಿ ನಂಬಿಕೆ ಗಳಿಸಿದ್ದ ವ್ಯಕ್ತಿ ಕಳ್ಳಬಾಗಿಲು ತೂರಿಸಿದ್ದು ಅಂದು ಬಯಲಾಯಿತು. ಫೆಬ್ರುವರಿ ಕೊನೆಯಲ್ಲಿ ಮತ್ತು ಮಾರ್ಚ್‌ನಲ್ಲಿ ಹೊರಬಂದಿದ್ದ ಆ ಆವೃತ್ತಿಗಳು ಅಷ್ಟರಲ್ಲಿ ಡೆಬಿಯನ್‌ನ ಟೆಸ್ಟಿಂಗ್ ಹಾಗೂ ಅನ್‌ಸ್ಟೇಬಲ್ ವಿಭಾಗಗಳಿಗೆ, ಓಪನ್‌ಸೂಸೆಯ ಟಂಬಲ್‌ವೀಡ್‌ಗೆ ತಲುಪಿಯಾಗಿತ್ತು. ಸ್ಥಿರ ಡೆಬಿಯನ್ 12ರಲ್ಲಿದ್ದದ್ದು 5.4.1, ಅದಕ್ಕೆ ಏನೂ ಆಗಲಿಲ್ಲ. ಆದರೆ ಈ ಕತೆಗೆ ಇನ್ನೊಂದು ಮುಖವಿದೆ. ಲೋಪ ಹಿಡಿದ ಆಂಡ್ರೆಸ್ ಫ್ರಾಯಿಂಡ್‌ಗೆ ಸುಳಿವು ಸಿಕ್ಕದ್ದು ಅನ್‌ಸ್ಟೇಬಲ್ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾದದ್ದರಿಂದ. ಹೊಸದನ್ನು ಮೊದಲು ಹಾಕಿಕೊಂಡು ಪೆಟ್ಟು ತಿನ್ನುವವರಿಲ್ಲದಿದ್ದರೆ ಸ್ಥಿರ ಆವೃತ್ತಿಯವರ ನೆಮ್ಮದಿಯೂ ಇಲ್ಲ. ಅವರನ್ನು ಹುಚ್ಚರೆಂದು ನಗುವ ಹಕ್ಕು ನಮಗಿಲ್ಲ. ಡಿಸ್ಟ್ರೊದವರ ಕೈಚಳಕವೂ ಸದಾ ನಂಬುವಂಥದ್ದಲ್ಲ. 2006ರಲ್ಲಿ ಡೆಬಿಯನ್ ತಾನೇ ಓಪನ್ಎಸ್ಎಸ್ಎಲ್‌ನಲ್ಲಿ ಮಾಡಿಕೊಂಡ ತಿದ್ದುಪಡಿಯಿಂದ ಅದು ತಯಾರಿಸುತ್ತಿದ್ದ ಕೀಲಿಗಳು ಊಹಿಸಬಲ್ಲಷ್ಟು ದುರ್ಬಲವಾಗಿದ್ದವು. ಅದು ಪತ್ತೆಯಾದದ್ದು 2008ರ ಮೇ ತಿಂಗಳಲ್ಲಿ.

ತಂತ್ರಾಂಶ ಬರೆದವರದೂ ಒಂದು ದೂರಿದೆ. ಎಕ್ಸ್‌ಸ್ಕ್ರೀನ್‌ಸೇವರ್ ಬರೆದ ಜೇಮಿ ಜವಿನ್ಸ್ಕಿ 2016ರಲ್ಲಿ, ಡೆಬಿಯನ್ ಹಂಚುತ್ತಿರುವುದು ತೀರ ಹಳೆಯ ಆವೃತ್ತಿ, ತಾವು ಎಂದೋ ಸರಿಪಡಿಸಿದ ತಪ್ಪುಗಳ ಬಗ್ಗೆ ಈಗಲೂ ತಮಗೆ ದೂರು ಬರುತ್ತಿದೆ ಎಂದು ಸಿಟ್ಟಾಗಿ, ಹಂಚುವುದನ್ನೇ ನಿಲ್ಲಿಸಿ ಎಂದರು. ಅವರ ಸಿಟ್ಟು ನ್ಯಾಯವಾದದ್ದೇ. ಡೆಬಿಯನ್ ಕೊಟ್ಟ ಆವೃತ್ತಿ ಕೆಟ್ಟರೆ ಡೆಬಿಯನ್‌ಗೆ ಹೇಳಬೇಕು, ಮೂಲ ಲೇಖಕರಿಂದ ತಂದದ್ದು ಕೆಟ್ಟರೆ ಅವರಿಗೆ. ಎರಡನ್ನೂ ಬೇರೆಬೇರೆ ಜಾಗದಲ್ಲಿ ಇಟ್ಟುಕೊಂಡವರಿಗೆ ಯಾರ ಬಾಗಿಲು ತಟ್ಟಬೇಕೆಂಬುದಾದರೂ ತಿಳಿದಿರುತ್ತದೆ.

ಕನ್ನಡದ ಅಗತ್ಯಗಳ ಮಟ್ಟಿಗೆ ಈ ಜಗಳವೆಲ್ಲ ಅಷ್ಟಾಗಿ ತಟ್ಟುವುದಿಲ್ಲ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್‌ನಲ್ಲೇ ಇವೆ. ಇನ್ನೂ ಹೊಸ ಕನ್ನಡ ಫಾಂಟು ಬೇಕಾದವರು ಯಾವ ರೆಪೊಸಿಟರಿಯನ್ನೂ ಮುಟ್ಟಬೇಕಿಲ್ಲ, ತಮ್ಮ ಹೋಮ್ ಡೈರೆಕ್ಟರಿಯ ಫಾಂಟ್ಸ್ ಫೋಲ್ಡರಿಗೆ ಫೈಲು ಹಾಕಿದರಾಯಿತು. ಫಾಂಟು ಜಿಲಿಬ್‌ಸಿಯನ್ನು ಕೇಳುವುದಿಲ್ಲ.

ಬೇರೆಯಾಗಿಟ್ಟದ್ದು ಉಪಯೋಗಕ್ಕೆ ಬರುವುದು ಮುಂದಿನ ಬಿಡುಗಡೆಗೆ ದಾಟುವಾಗ. ಡೆಬಿಯನ್ 13 ಟ್ರಿಕ್ಸಿ 2025ರ ಆಗಸ್ಟ್ 9ರಂದು ಬಂದಿದೆ. ಅದರಲ್ಲಿ ಕರ್ನಲ್ 6.12, ಜಿಲಿಬ್‌ಸಿ 2.41. ಬುಕ್‌ವರ್ಮ್‌ನಿಂದ ಅಲ್ಲಿಗೆ ಹೋಗುವ ಮುನ್ನ, ಡೆಬಿಯನ್‌ನದ್ದಲ್ಲದ ಪ್ಯಾಕೇಜುಗಳು ಯಾವುವೆಂದು ಹುಡುಕಿ ಸಾಧ್ಯವಾದರೆ ತೆಗೆದುಬಿಡಿ ಎನ್ನುತ್ತದೆ ಬಿಡುಗಡೆಯ ಟಿಪ್ಪಣಿ. ಸಿಕ್ಕಸಿಕ್ಕ ರೆಪೊಸಿಟರಿಗಳನ್ನು ಸೇರಿಸಿಕೊಂಡವರು ಆಗ ಒಂದು ಭಾನುವಾರವನ್ನಾದರೂ ಅದಕ್ಕೇ ಎತ್ತಿಡಬೇಕು. ಫ್ಲ್ಯಾಟ್‌ಪ್ಯಾಕ್ ಆ್ಯಪುಗಳು, ಕಂಟೇನರುಗಳು ಇದ್ದಲ್ಲೇ ಇರುತ್ತವೆ. ವರ್ಚುವಲ್ ಎನ್ವಿರಾನ್‌ಮೆಂಟುಗಳನ್ನು ಮಾತ್ರ ಹೊಸ ಪೈಥಾನಿಗೆ ಮತ್ತೆ ಕಟ್ಟಿಕೊಳ್ಳಬೇಕು, ಅದು ಕೆಲವು ನಿಮಿಷಗಳ ಕೆಲಸ. ಬ್ಯಾಕ್‌ಪೋರ್ಟ್ಸ್‌ನಿಂದ ತಂದ ಪ್ಯಾಕೇಜುಗಳು ಬಹುಪಾಲು ಹೊಸ ಬಿಡುಗಡೆಯ ಅದೇ ಆವೃತ್ತಿಗೋ ಅದಕ್ಕಿಂತ ಹೊಸದಕ್ಕೋ ತಾವಾಗಿ ಸೇರಿಕೊಳ್ಳುತ್ತವೆ. ಅವು ಬಂದದ್ದೇ ಆ ಕಡೆಯಿಂದ.