ನೆಲ ಕಿರಿದು, ಗೋಡೆ ಹಿರಿದು

ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆ. ನೆಲ 100 ಚದರಡಿ. ಎತ್ತರವೂ ಹತ್ತಡಿ ಎಂದಿಟ್ಟುಕೊಂಡರೆ ನಾಲ್ಕು ಗೋಡೆ ಸೇರಿ 400 ಚದರಡಿ, ನೆಲದ ನಾಲ್ಕು ಪಟ್ಟು. ಅದೇ ಎತ್ತರದ, ಇಪ್ಪತ್ತಡಿಗೆ ಇಪ್ಪತ್ತಡಿಯ ಸಾಹುಕಾರರ ಹಜಾರವನ್ನು ಅಳೆದು ನೋಡಿ: ನೆಲ 400, ಗೋಡೆ 800. ಅಲ್ಲಿ ಗೋಡೆ ನೆಲದ ಎರಡೇ ಪಟ್ಟು. ಕೋಣೆ ಕಿರಿದಾದಷ್ಟೂ ನೆಲದ ಲೆಕ್ಕದಲ್ಲಿ ಗೋಡೆ ಹೆಚ್ಚು ಸಿಗುತ್ತದೆ. ರೇಖಾಗಣಿತ ಸಣ್ಣ ಮನೆಗೆ ಮಾಡಿರುವ ಉಪಕಾರ ಇದು. ಆದರೂ ನಮ್ಮ ಸಣ್ಣ ಮನೆಗಳಲ್ಲಿ ದಿವಾನ, ಸೋಫಾ ಸೆಟ್ಟು, ಟಿವಿ ಸ್ಟ್ಯಾಂಡು, ಕಬ್ಬಿಣದ ಬೀರು ಎಲ್ಲವೂ ನೆಲ ಹಿಡಿದು ಕೂತಿರುತ್ತವೆ. ಗೋಡೆಗೆ ಒಂದು ಕ್ಯಾಲೆಂಡರ್, ಒಂದು ಗಡಿಯಾರ.

ಗೋಡೆಯ ಈ ಲೆಕ್ಕ ಬಲ್ಲವರು ನಮ್ಮ ಸೀಮೆಯಲ್ಲಿ ಏಳುನೂರು ವರ್ಷಗಳ ಹಿಂದೆಯೇ ಇದ್ದರು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ, 13ನೆಯ ಶತಮಾನದ ಕೇಶವ ದೇವಾಲಯದ ಗರ್ಭಗುಡಿಗಳ ಹೊರಗೋಡೆ ನಕ್ಷತ್ರದ ಆಕಾರದಲ್ಲಿದೆ. ಒಳಗಿನ ಜಾಗ ಹಿಗ್ಗದಿದ್ದರೂ ಗೋಡೆ ಮಡಿಕೆ ಮಡಿಕೆಯಾಗಿ ತಿರುಗಿದ್ದರಿಂದ ಅದರ ಉದ್ದ ಹೆಚ್ಚಿತು, ಶಿಲ್ಪ ಕೂರಿಸಲು ಅಷ್ಟು ಮುಖ ದೊರಕಿತು. ಮೇಸ್ತ್ರಿಗೆ ಹೋಗಿ ನಕ್ಷತ್ರದ ಹಾಗೆ ಕಟ್ಟಪ್ಪ ಎನ್ನಬೇಕಾಗಿಲ್ಲ. ಇರುವ ಗೋಡೆಯನ್ನು ಬಳಸಿದರೆ ಸಾಕು.

ಟಿ. ನರಸೀಪುರ, ನಂಜನಗೂಡುಗಳಲ್ಲಿ ಈಗ ಮನೆ ಎಂದರೆ ಹೆಚ್ಚಿನವರಿಗೆ ಇಪ್ಪತ್ತು–ಮೂವತ್ತು ಸೈಟು, ಅಂದರೆ ಆರು ಚದರ. ಅದರಲ್ಲೂ ಮೆಟ್ಟಿಲಿಗೆ, ನೀರಿನ ಸಂಪಿಗೆ, ಬೈಕು ನಿಲ್ಲಿಸುವುದಕ್ಕೆ ಬಿಟ್ಟು ಉಳಿದದ್ದು. 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಗೊತ್ತುಮಾಡಿದ ಕನಿಷ್ಠ ಅಳತೆ, ಅಡುಗೆಯ ಜಾಗವೂ ಸೇರಿ, 25 ಚದರ ಮೀಟರ್. ನಮ್ಮ ಬಾಯಿಲೆಕ್ಕದಲ್ಲಿ ಎರಡೂಮುಕ್ಕಾಲು ಚದರಕ್ಕೂ ತುಸು ಕಡಿಮೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರ ಬಾಡಿಗೆ ಕೋಣೆಗಳು ಇನ್ನೂ ಚಿಕ್ಕವು. ಮನೆಯಲಂಕಾರದ ಹೊಳಪಿನ ಪುಸ್ತಕಗಳು ತೋರಿಸುವ ‘ಸಣ್ಣ ಮನೆ’ ಇವರ ಮನೆಗಿಂತ ಮೂರು ಪಟ್ಟು ದೊಡ್ಡದಿರುತ್ತದೆ.

ಹಾಗೆ ನೋಡಿದರೆ ಈ ಊರುಗಳ ರಥಬೀದಿಯ ಸುತ್ತಲಿನ ಹಳೆಯ ಹೆಂಚಿನ ಮನೆಗಳಲ್ಲೂ ಎಲ್ಲವೂ ತೊಟ್ಟಿಮನೆಗಳಲ್ಲ. ಒಂದು ಜಗುಲಿ, ಒಂದು ಪಡಸಾಲೆ, ಒಂದು ಅಡುಗೆಮನೆ, ಅಷ್ಟೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯೊಳಗೇ ಗೂಡುಗಳು. ಅದರಲ್ಲಿ ದೀಪ, ಕುಂಕುಮದ ಭರಣಿ, ಪಂಚಾಂಗ. ಜಂತಿಯಿಂದ ಇಳಿಬಿಟ್ಟ ಗಳದ ಮೇಲೆ ಬಟ್ಟೆ. ಬೆಕ್ಕಿಗೂ ಇರುವೆಗೂ ಎಟುಕದಂತೆ ನೆಲುವಿನಲ್ಲಿ ಬೆಣ್ಣೆಯ ಗಡಿಗೆ. ಅಟ್ಟದ ಮೇಲೆ ವರ್ಷಕ್ಕೊಮ್ಮೆ ಇಳಿಯುವ ಹಿತ್ತಾಳೆ ಪಾತ್ರೆ, ಗೊಂಬೆಪೆಟ್ಟಿಗೆ. ನೆಲ ಮಾತ್ರ ಖಾಲಿ. ಬೆಳಿಗ್ಗೆ ಹಾಸಿಗೆ ಸುತ್ತಿಟ್ಟರೆ ಮಲಗಿದ್ದ ಜಾಗವೇ ಊಟದ ಜಾಗ, ಎಲೆ ತೆಗೆದು ಸಾರಿಸಿದರೆ ಮಕ್ಕಳು ಓದುವ ಜಾಗ. ಆರೂಕಾಲಡಿಗೆ ನಾಲ್ಕಡಿಯ ಮಂಚ ನುಂಗುವುದು 25 ಚದರಡಿ, ಅಂದರೆ ನಮ್ಮ ಹತ್ತಡಿ ಕೋಣೆಯ ಕಾಲುಭಾಗ. ಅದರ ಉಪಯೋಗ ರಾತ್ರಿಯ ಏಳೆಂಟು ಗಂಟೆ. ಉಳಿದ ಹದಿನಾರು ಗಂಟೆ ಕೋಣೆಯ ಕಾಲುಭಾಗಕ್ಕೆ ಬೀಗ. ಮಂಡಿನೋವಿನ ಅಜ್ಜಿಗೆ ಮಂಚ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಂಚಗಳು ಮನೆಮಂದಿಯ ತಲೆಗೊಂದರಂತೆ ಬೇಕಿಲ್ಲ.

ಗೂಡು ಕೊರೆಯುವಷ್ಟು ದಪ್ಪದ ಗೋಡೆ ಈಗ ಇಲ್ಲ. ಒಳಗೋಡೆಗಳು ನಾಲ್ಕಿಂಚಿನ ಬ್ಲಾಕಿನವು. ಹಾಗಾಗಿ ಶೆಲ್ಫನ್ನು ಬ್ರಾಕೆಟ್ಟಿನ ಮೇಲೆ ನಿಲ್ಲಿಸಬೇಕು. ಅದು ಕಿತ್ತುಬಂದರೆ ಜನ ಸ್ಕ್ರೂ ಸರಿಯಿಲ್ಲ ಎನ್ನುತ್ತಾರೆ, ತಪ್ಪು ಬಹುಪಾಲು ಬ್ರಾಕೆಟ್ಟಿನ ಅಳತೆಯದು. ಹಲಗೆಯ ಮೇಲೆ 20 ಕಿಲೋ ಪುಸ್ತಕ ಇದೆ, ಅದರ ಭಾರ ಗೋಡೆಯಿಂದ ಆರಿಂಚು ಈಚೆಗೆ ಬೀಳುತ್ತಿದೆ ಎನ್ನಿ. ಬ್ರಾಕೆಟ್ಟಿನ ನಿಂತ ಕಾಲು ಎಂಟಿಂಚು ಉದ್ದವಿದ್ದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಆರನ್ನು ಎಂಟರಿಂದ ಭಾಗಿಸಿ ಇಪ್ಪತ್ತರಿಂದ ಗುಣಿಸಿದಷ್ಟು, ಅಂದರೆ 15 ಕಿಲೋ ತೂಕದಷ್ಟು. ಚೆಂದಕ್ಕೆಂದು ನಾಲ್ಕಿಂಚಿನ ಪುಟ್ಟ ಬ್ರಾಕೆಟ್ ಹಾಕಿದರೆ ಅದೇ ಪುಸ್ತಕಕ್ಕೆ ಎಳೆತ 30 ಕಿಲೋ. ಬಾಗಿಲಿನ ಮೇಲೆ, ಕಿಟಕಿಯ ಮೇಲೆ, ಏಳಡಿ ಎತ್ತರದಲ್ಲಿ ಮನೆಯ ಸುತ್ತಲೂ ಒಂಬತ್ತಿಂಚಿನ ಒಂದು ಹಲಗೆ ಓಡಿಸಿದರೆ, ಹತ್ತಡಿ ಕೋಣೆಯಲ್ಲಿ ಸುಮಾರು 30 ಚದರಡಿ ಜಾಗ ಹುಟ್ಟುತ್ತದೆ. ಒಂದು ಚದರಡಿ ನೆಲವೂ ಹೋಗುವುದಿಲ್ಲ.

ಮೇಲಕ್ಕೆ ಏರಿಸುವಾಗ ಒಂದು ಎಚ್ಚರ ಬೇಕು, ಅದು ಸೂರ್ಯನಿಗೆ ಸಂಬಂಧಿಸಿದ್ದು. ಟಿ. ನರಸೀಪುರ, ನಂಜನಗೂಡು ಎರಡೂ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 12 ಡಿಗ್ರಿ ದಾಟಿದ ತುಸು ಮೇಲೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 22ರ ಮತ್ತು ಆಗಸ್ಟ್ 21ರ ಆಸುಪಾಸಿನಲ್ಲಿ, ಮಧ್ಯಾಹ್ನ ಹನ್ನೆರಡು ಇಪ್ಪತ್ತು ಇಪ್ಪತ್ತೈದರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೇ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆಗಸ್ಟಿನಲ್ಲಿ ಮೋಡದ ಆಸರೆಯಾದರೂ ಇರುತ್ತದೆ. ಏಪ್ರಿಲಿನಲ್ಲಿ ಮನೆಯ ಉಳಿದೆಲ್ಲ ಮೈಗಿಂತ ತಾರಸಿಯೇ ಹೆಚ್ಚು ಬಿಸಿಲು ತಿನ್ನುತ್ತದೆ. ಬರಿಯ ಸಿಮೆಂಟಿನ ತಾರಸಿ ಬಿದ್ದ ಬಿಸಿಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರಿಕೊಳ್ಳುತ್ತದೆ. ಆ ಕಾವು ನಾಲ್ಕೈದಿಂಚಿನ ಕಾಂಕ್ರೀಟನ್ನು ದಾಟಿ ಒಳಮುಖಕ್ಕೆ ಬರಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಅದಕ್ಕೇ ಸಂಜೆ ಜಗುಲಿಯಲ್ಲಿ ಗಾಳಿ ತಂಪಾಗಿದ್ದರೂ ಒಳಗೆ ಬೇಗೆ, ಫ್ಯಾನು ಹಾಕಿದರೆ ಬಿಸಿಗಾಳಿ. ನಾಡಹೆಂಚಿಗೆ ಈ ತಡ ಇರಲಿಲ್ಲ. ತೆಳ್ಳಗಿನ ಹೆಂಚು ಬೇಗ ಕಾದು ಬೇಗ ಆರುತ್ತಿತ್ತು, ಹೆಂಚುಗಳ ಸಂದಿನಿಂದ ಬಿಸಿಗಾಳಿ ನುಸುಳಿ ಹೋಗುತ್ತಿತ್ತು. ಕೋತಿಗಳ ಕಾಟ, ಮಳೆಗಾಲದ ಸೋರಿಕೆ ನೆನೆದರೆ ಯಾರೂ ಅದಕ್ಕೆ ಹಿಂದಿರುಗಲಾರರು, ಹಿಂದಿರುಗಿ ಎಂದು ನಾನೂ ಹೇಳುವುದಿಲ್ಲ.

ಬಿಸಿಯಾದ ಗಾಳಿ ಹಗುರ, ಸೂರಿನಡಿ ಹೋಗಿ ನಿಲ್ಲುತ್ತದೆ. ಆದ್ದರಿಂದ ಸಣ್ಣ ಕೋಣೆಯ ಅತ್ಯಂತ ಬಿಸಿಯಾದ ಜಾಗ ಯಾವುದು ಎಂದರೆ ಸಜ್ಜದ ಮೇಲಿನ ಒಂದೂವರೆ ಅಡಿ. ಹಿತ್ತಾಳೆ ಪಾತ್ರೆ, ಸೂಟ್‌ಕೇಸು, ಹೊದಿಕೆ ಅಲ್ಲಿರಲಿ. ಮಾತ್ರೆ, ಔಷಧಿ, ಎಣ್ಣೆ ಬೇಡ. ಮಾತ್ರೆಯ ಪಟ್ಟಿಯ ಹಿಂದೆ 25 ಅಥವಾ 30 ಡಿಗ್ರಿ ಒಳಗಿಡಿ ಎಂದು ಅಚ್ಚಾಗಿರುವುದನ್ನು ಓದುವವರು ಕಡಿಮೆ. ಹಿಂದಿನವರು ಸೂರಿನಡಿ ಬಿಡುತ್ತಿದ್ದ ಗವಾಕ್ಷಿಯ ಕೆಲಸವೂ ಇದೇ ಗಾಳಿಯದು: ಮೇಲಿನ ಕಿಂಡಿಯಿಂದ ಬಿಸಿಗಾಳಿ ಹೊರಟರೆ ಕೆಳಗಿನ ಕಿಟಕಿಯಿಂದ ತಂಪು ಒಳಬರುತ್ತದೆ. ಎರಡರ ನಡುವೆ ಎತ್ತರದ ಅಂತರ ಹೆಚ್ಚಿದಷ್ಟೂ ಹರಿವು ಚುರುಕು. ಹೊಸ ಮನೆಗಳಲ್ಲಿ ವೆಂಟಿಲೇಟರ್ ಇದ್ದರೂ ಅದರ ಮುಂದೆಯೇ ಕಪಾಟು ಕಟ್ಟಿಸಿಬಿಡುತ್ತಾರೆ. ಇನ್ನು ಪಿಒಪಿ ಸೀಲಿಂಗು. ಅದರ ಮೇಲಿನ ಗಾಳಿಯ ಪದರ ಕಾವನ್ನು ಒಂದಿಷ್ಟು ತಡೆಯುತ್ತದೆ, ನಿಜ. ಆದರೆ ಒಂಬತ್ತೂವರೆ ಅಡಿಯ ಕೋಣೆಯಲ್ಲಿ ಒಂದಡಿ ತಿಂದು, ವೆಂಟಿಲೇಟರನ್ನೂ ಮುಚ್ಚುವ ಸೀಲಿಂಗಿಗೆ ಸುರಿಯುವ ಹಣದ ಸಣ್ಣ ಪಾಲಿನಲ್ಲಿ ತಾರಸಿಗೆ ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೆ ಸುಣ್ಣ ಬಳಿಸಬಹುದು. ಹೊಸ ಸುಣ್ಣ ಬಿಸಿಲಿನ ಮುಕ್ಕಾಲು ಪಾಲನ್ನು ಆಕಾಶಕ್ಕೇ ತಿರುಗಿಸುತ್ತದೆ. ಧೂಳು ಕೂತಂತೆ ಆ ಗುಣ ಕುಗ್ಗುತ್ತದೆ, ವರ್ಷವರ್ಷವೂ ಬಳಿಯಬೇಕಾದ್ದು ಅದಕ್ಕೆ.

ಒಳಗಿನ ಬಣ್ಣಕ್ಕೂ ಇಂಥದೇ ಲೆಕ್ಕವಿದೆ, ಇನ್ನೂ ಸೋಜಿಗದ್ದು. ಕಿಟಕಿಯಿಂದ ನೂರು ಪಾಲು ಬೆಳಕು ಬಂತೆನ್ನಿ. ಕೋಣೆಯ ಮೈಯೆಲ್ಲ ನೂರಕ್ಕೆ 80ನ್ನು ಹಿಂದಿರುಗಿಸುವ ಬಿಳಿಯಾದರೆ ಮೊದಲ ಸಲ 80 ಪಾಲು ಮರಳಿ ಬರುತ್ತದೆ, ಅದು ಎದುರುಗೋಡೆಗೆ ಬಡಿದು 64, ಮತ್ತೆ 51, ಹೀಗೆ. ಎಲ್ಲ ಕೂಡಿದರೆ ಕೋಣೆಯಲ್ಲಿ ಓಡಾಡುವ ಬೆಳಕು 500 ಪಾಲು. ಬಣ್ಣ ಗಾಢವಾಗಿ ನೂರಕ್ಕೆ 50 ಮಾತ್ರ ಮರಳಿಸಿದರೆ 100, 50, 25... ಒಟ್ಟು 200. ಬಣ್ಣದ ವ್ಯತ್ಯಾಸ 80ರಿಂದ 50ಕ್ಕೆ, ಬೆಳಕಿನ ವ್ಯತ್ಯಾಸ ಐದರಿಂದ ಎರಡಕ್ಕೆ. ನಿಜವಾದ ಮನೆಯಲ್ಲಿ ನೆಲ, ಬಾಗಿಲು, ಸಾಮಾನು ಎಲ್ಲವೂ ಬೆಳಕು ಕುಡಿಯುವುದರಿಂದ ಈ ಅಂತರ ಇಷ್ಟು ದೊಡ್ಡದಿರದು. ಆದರೂ ಹಗಲಲ್ಲಿ ಟ್ಯೂಬ್‌ಲೈಟ್ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವಷ್ಟು ಇರುತ್ತದೆ. ಮೊದಲು ಸೂರು, ಆಮೇಲೆ ಕಿಟಕಿಯ ಎದುರಿನ ಗೋಡೆ ಬೆಳ್ಳಗಿರಲಿ. ಕಿಟಕಿಯಿರುವ ಗೋಡೆಯೂ ತಿಳಿಯಾಗಿದ್ದರೆ ಒಳ್ಳೆಯದು. ಗಾಢ ಗೋಡೆಯ ನಡುವಿನ ಬೆಳ್ಳನೆಯ ಕಿಟಕಿ ಕಣ್ಣು ಕೋರೈಸುತ್ತದೆ. ಬಣ್ಣದ ಆಸೆಯಿದ್ದರೆ ತಗ್ಗಿನ ಎರಡು ಮೂರು ಅಡಿಗೆ ಬಳಿಯಿರಿ. ಕೆಳಗೆ ಕೆಮ್ಮಣ್ಣಿನ ಪಟ್ಟಿ, ಮೇಲೆ ಸುಣ್ಣ ಎಂಬ ಹಳ್ಳಿಮನೆಯ ಪದ್ಧತಿ ಬೆನ್ನೊರಗಿದ ಎಣ್ಣೆಕಲೆ, ಮಳೆಯ ಸಿಡಿತ ಎಲ್ಲವನ್ನೂ ಮರೆಮಾಚುತ್ತಿತ್ತು, ಮೇಲಿನ ಬೆಳಕನ್ನೂ ಉಳಿಸುತ್ತಿತ್ತು. ನೋಡಲೂ ಲಕ್ಷಣ.

ಕನ್ನಡಿಯ ಉಪಾಯ ಎಲ್ಲರಿಗೂ ಗೊತ್ತು: ಕಿಟಕಿ ಕಾಣುವ ಕಡೆ ತೂಗುಹಾಕಿದರೆ ಫಲ, ಬೀರು ಕಾಣುವ ಕಡೆ ಹಾಕಿದರೆ ಎರಡು ಬೀರು.

ನದಿಯ ಬದಿಯ ಊರುಗಳಿಗೆ ಇನ್ನೊಂದು ಬಾಧೆಯುಂಟು. ಕಪಿಲೆಯ, ಅಂದರೆ ಕಬಿನಿಯ, ದಡದ ತಗ್ಗಿನ ಬೀದಿಗಳಲ್ಲಿ, ಟಿ. ನರಸೀಪುರದ ಸಂಗಮದ ಸುತ್ತಲಿನ ಗದ್ದೆಬಯಲಿನ ಮನೆಗಳಲ್ಲಿ, ಗೋಡೆಯ ಬುಡದ ಎರಡು ಮೂರು ಅಡಿ ಬಣ್ಣ ನಿಲ್ಲುವುದೇ ಇಲ್ಲ. ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ನೆಲದ ತೇವ ತಾನಾಗಿ ಮೇಲೇರುತ್ತದೆ, ಜೊತೆಗೆ ಮಣ್ಣಿನ ಉಪ್ಪೂ ಬರುತ್ತದೆ. ನೀರು ಆವಿಯಾದ ಮೇಲೆ ಉಪ್ಪು ಹರಳುಗಟ್ಟಿ ಉಬ್ಬಿ ಗಾರೆಯನ್ನು ಒಳಗಿನಿಂದಲೇ ಒದ್ದು ಬೀಳಿಸುತ್ತದೆ. ಇದಕ್ಕೆ ಸಿಟ್ಟಾಗಿ ಆಯಿಲ್ ಪೇಂಟ್ ಬಳಿದರೆ ತೇವಕ್ಕೆ ಹೊರದಾರಿ ಮುಚ್ಚಿ, ಅದು ಇನ್ನೊಂದಡಿ ಮೇಲೆ ಹೋಗಿ ಒಡೆಯುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣ ಉಸಿರಾಡುತ್ತವೆ. ವರ್ಷಕ್ಕೊಮ್ಮೆ ಕೆರೆದು ಬಳಿದರೆ ಆಯಿತು. ಬೀರುವನ್ನು ಗೋಡೆಗೆ ಅಂಟಿಸದೆ ಎರಡಿಂಚು ಈಚೆಗಿಡಿ, ಹಿಂದೆ ಗಾಳಿ ಆಡಿದರೆ ಬೂಷ್ಟು ಹಿಡಿಯದು. ಕಡಿಮೆ ಬೆಲೆಗೆ ಸಿಗುವ ಪಾರ್ಟಿಕಲ್ ಬೋರ್ಡಿನ ಕಪಾಟು ಇಲ್ಲಿ ಬಾಳುವುದಿಲ್ಲ. ಒತ್ತಿದ ಮರದ ಹೊಟ್ಟು ತೇವ ಕುಡಿದು ಊದಿಕೊಂಡರೆ ಮತ್ತೆ ಮೊದಲಿನಂತಾಗದು, ಅಲ್ಲಿಗೆ ಸ್ಕ್ರೂ ಹಿಡಿತವೂ ಹೋಯಿತು. ಕಬ್ಬಿಣ, ಅಲ್ಯುಮಿನಿಯಂ, ಇಲ್ಲವೇ ಕಡಪ ಕಲ್ಲಿನ ಹಲಗೆ ವಾಸಿ.

ಪ್ರವಾಹದ ಮಾತೂ ಇದೆ. 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದ ಹೊರಹರಿವು ಒಂದು ಲಕ್ಷ ಕ್ಯೂಸೆಕ್ ದಾಟಿ ನಂಜನಗೂಡಿನ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಅಂಥ ಕಡೆ ಪ್ಲಗ್ ಪಾಯಿಂಟನ್ನು ನೆಲದಿಂದ ಒಂದಡಿಗೆ ಇಡುವ ರೂಢಿ ಬಿಟ್ಟು ಮೂರಡಿಗೇರಿಸಬೇಕು. ಆಗಲೇ ಹೇಳಿದ ಏಳಡಿಯ ಹಲಗೆಯ ಒಂದು ಮೂಲೆ ಪಹಣಿ, ಆಧಾರ್, ಮಕ್ಕಳ ಅಂಕಪಟ್ಟಿಗೆ ಮೀಸಲಿರಲಿ.

ಉಳಿದದ್ದು ಅಡುಗೆಮನೆ. ಸಣ್ಣ ಅಡುಗೆಮನೆಯ ಶಾಸ್ತ್ರಕ್ಕೆ ಅಡಿಗಲ್ಲು ಬಿದ್ದದ್ದು 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ಮಾರ್ಗರೇಟ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ, ಕಾರ್ಮಿಕರ ಮನೆಗಳಿಗಾಗಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದಳು. ರೈಲಿನ ಊಟದ ಬೋಗಿಯ ಅಡುಗೆಮನೆಯನ್ನು ನೋಡಿ, ಹೆಂಗಸು ಒಲೆಗೂ ತೊಟ್ಟಿಗೂ ನಡುವೆ ಎಷ್ಟು ಹೆಜ್ಜೆ ಹಾಕುತ್ತಾಳೆಂದು ಲೆಕ್ಕವಿಟ್ಟು, ಎಲ್ಲವನ್ನೂ ಕೈಯಳತೆಗೆ ತಂದಳು. ಈಗಿನ ಮಾಡ್ಯುಲರ್ ಕಿಚನ್‌ಗಳೆಲ್ಲ ಅದರ ಸಂತತಿ. ಎತ್ತರದ ಸೂತ್ರವೂ ಸರಳ: ಕಟ್ಟೆ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿರಬೇಕು. ಐದಡಿಯ ಹೆಂಗಸಿಗೆ ಮೊಣಕೈ ಸುಮಾರು 37 ಇಂಚಿಗೆ ಬರುತ್ತದೆ, ಕಟ್ಟೆ 32 ಅಥವಾ 33.

ಆದರೆ ಫ್ರಾಂಕ್‌ಫರ್ಟಿನವರು ರಾಗಿಮುದ್ದೆ ಕಟ್ಟುತ್ತಿರಲಿಲ್ಲ. 32 ಇಂಚಿನ ಕಟ್ಟೆ, ಅದರ ಮೇಲೆ ಐದಾರಿಂಚಿನ ಗ್ಯಾಸ್ ಒಲೆ, ಅದರ ಮೇಲೆ ಎಂಟಿಂಚಿನ ಪಾತ್ರೆ: ಪಾತ್ರೆಯ ಬಾಯಿ 46 ಇಂಚಿಗೆ ಹೋಯಿತು, ಮೊಣಕೈಗಿಂತ ಒಂಬತ್ತಿಂಚು ಮೇಲೆ. ಹಿಟ್ಟು ತೊಳಸುವ ಕೋಲಿಗೆ ಮೇಲಿನಿಂದ ಮೈಭಾರ ಬೀಳಬೇಕು, ತೋಳಿನ ಬಲವೊಂದೇ ಸಾಲದು. ಇದನ್ನು ಬಲ್ಲ ಹೆಂಗಸರು ಬೆಂದ ಹಿಟ್ಟಿನ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಒತ್ತಿಹಿಡಿದು ತೊಳಸುತ್ತಾರೆ. ಅವರಿಗೆ ಮೂರಡಿಗೆ ಮೂರಡಿ ಖಾಲಿ ನೆಲ ಬೇಕು. ನಕ್ಷೆ ಬರೆಯುವವರು ಅಲ್ಲಿಯೇ ಫ್ರಿಜ್ಜು ನಿಲ್ಲಿಸುತ್ತಾರೆ.

“ಒಲೆ ಇರೋ ಕಡೆ ಕಟ್ಟೆ ಎಂಟಿಂಚು ತಗ್ಗಿಸಪ್ಪ” ಅಂದರೆ ಮೇಸ್ತ್ರಿ ಮೊದಲು ಒಪ್ಪುವುದಿಲ್ಲ. “ಲೆವೆಲ್ ತಪ್ಪಿ ಚೆನ್ನಾಗಿ ಕಾಣಾಕಿಲ್ಲ ಕಣಕ್ಕ” ಅನ್ನುತ್ತಾನೆ. ತಗ್ಗಿಸಿದರೆ ಪಾತ್ರೆಯ ಬಾಯಿ ಮೊಣಕೈಯ ಮಟ್ಟಕ್ಕೆ ಬರುತ್ತದೆ, ಸಾರಿನ ಪಾತ್ರೆಯೊಳಗೆ ಇಣುಕಿ ನೋಡಲೂ ಸುಲಭ. ಕಲ್ಲು ಕೂರಿಸುವ ಮುನ್ನ, ಅಡುಗೆ ಮಾಡುವವರನ್ನೇ ಅಲ್ಲಿ ನಿಲ್ಲಿಸಿ, ಕೈಗೆ ಕೋಲು ಕೊಟ್ಟು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಸಿಕೊಳ್ಳಿ: ಒಂದು ಹೆಚ್ಚುವುದಕ್ಕೆ, ಒಂದು ಒಲೆಗೆ.