ರಾಶಿಗೆ ಹೊದಿಸುವ ತಾಡಪತ್ರಿ: ಆಯ್ಕೆ ಮತ್ತು ಬಳಕೆ

ತಳಕಲ್ ಸುತ್ತಮುತ್ತಲಿನ ಮಳೆಯಾಶ್ರಿತ ಹೊಲಗಳಲ್ಲಿ ಒಕ್ಕಲು ಕೆಲಸವೆಲ್ಲ ಬಯಲಿನಲ್ಲಿಯೇ ನಡೆಯುತ್ತದೆ. ಹೆಸರನ್ನು ಮಘೆ, ಹುಬ್ಬೆ ಮಳೆಗಳ ಬಿಡುವು ನೋಡಿಯೇ ಬಿಡಿಸಬೇಕು. ಶೇಂಗಾ, ಸಜ್ಜೆ, ಗೋವಿನಜೋಳ ಕಣಕ್ಕೆ ಬರುವ ಹೊತ್ತಿಗೆ ಹಸ್ತ, ಚಿತ್ತಿ ಮಳೆಗಳು ತಲೆಯ ಮೇಲಿರುತ್ತವೆ. ಕಡಲೆ, ಬಿಳಿಜೋಳದ ಕಾಲದಲ್ಲಿ ಮಳೆಯ ಹೆದರಿಕೆ ಕಡಿಮೆ ಎಂದರೂ, ಕೆಲವು ವರ್ಷ ಗಾಳಿಯೊಡನೆ ಅಡ್ಡಮಳೆ ಬಂದು ರಾಶಿಯನ್ನು ತೋಯಿಸುವುದುಂಟು. ನಾಲ್ಕು ತಿಂಗಳ ದುಡಿಮೆ ಆಗ ಒಂದು ತಾಡಪತ್ರಿಯ ಕೆಳಗೆ ಇರುತ್ತದೆ. ಹೀಗಿದ್ದರೂ ಬೀಜ, ಗೊಬ್ಬರ ಕೊಳ್ಳುವಾಗ ತೋರುವ ಎಚ್ಚರವನ್ನು ರೈತರು ತಾಡಪತ್ರಿ ಕೊಳ್ಳುವಾಗ ತೋರುವುದು ಅಪರೂಪ. ಬಣ್ಣ ನೋಡಿ, ಬೆಲೆ ಕೇಳಿ ತರುವುದೇ ಹೆಚ್ಚು.

ಟಾರ್ಪಾಲಿನ್ ಎಂಬ ಹೆಸರು ಬಂದದ್ದು ಹಡಗಿನವರಿಂದ. ದಪ್ಪ ಬಟ್ಟೆಗೆ ಟಾರು ಬಳಿದು ಸರಕಿನ ಮೇಲೆ ಹೊದಿಸುತ್ತಿದ್ದರು. ಆನೆಗೊಂದಿಯ ಕಡೆ ತುಂಗಭದ್ರೆಯಲ್ಲಿ ತೇಲುವ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುವುದೂ ಇದೇ ಉಪಾಯ. ಆದರೆ ಹರಿಗೋಲಿಗೂ ಕಾಳಿನ ರಾಶಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹರಿಗೋಲಿಗೆ ಹೊರಗಿನ ನೀರು ಒಳಗೆ ಬರದಿದ್ದರೆ ಸಾಕು. ಕಾಳು ಮಾತ್ರ ತನ್ನೊಳಗೇ ನೀರನ್ನು ಇಟ್ಟುಕೊಂಡಿರುತ್ತದೆ.

ರಾಶಿಯೊಳಗಿನ ನೀರು

ಶೇ. 20ರಷ್ಟು ತೇವಾಂಶವಿರುವ 100 ಕ್ವಿಂಟಾಲ್ ಗೋವಿನಜೋಳವನ್ನು ಶೇ. 12ಕ್ಕೆ ಒಣಗಿಸಬೇಕಾದರೆ ಸುಮಾರು 9 ಕ್ವಿಂಟಾಲ್ ನೀರು ಹೊರಗೆ ಹೋಗಬೇಕು. ಅಂದರೆ 900 ಲೀಟರು! ಇಂತಹ ಹಸಿ ರಾಶಿಯ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಹೊದಿಸಿ ನಾಲ್ಕೂ ಕಡೆ ಮಣ್ಣು ಹೇರಿದರೆ ಏನಾಗುತ್ತದೆ? ಹಗಲು ಬಿಸಿಲಿಗೆ ಹೊದಿಕೆಯ ಕೆಳಗೆ ಕಾವು ಏರಿ ಕಾಳಿನ ನೀರು ಆವಿಯಾಗುತ್ತದೆ. ರಾತ್ರಿ ಹೊದಿಕೆ ಬೇಗ ತಣ್ಣಗಾಗುತ್ತದೆ. ಆವಿ ಅದರ ಒಳಮೈಗೆ ತಾಗಿ ಹನಿಗಟ್ಟಿ ಮೇಲಿನ ಕಾಳಿನ ಮೇಲೆಯೇ ಬೀಳುತ್ತದೆ. ಹನಿ ಮಳೆ ಬೀಳದಿದ್ದರೂ ಬೆಳಿಗ್ಗೆ ರಾಶಿಯ ತಲೆ ಒದ್ದೆಯಾಗಿರುವುದಕ್ಕೆ ಇದೇ ಕಾರಣ. ತಾಡಪತ್ರಿ ಸೋರಿತೆಂದು ಅಂಗಡಿಯವನನ್ನು ದೂರಿ ಉಪಯೋಗವಿಲ್ಲ.

ಇಂತಹ ಬೆಚ್ಚನೆಯ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಅದರಲ್ಲಿ ಆಸ್ಪರ್‌ಜಿಲಸ್ ಜಾತಿಯ ಹಸಿರು-ಹಳದಿ ಬೂಷ್ಟು ಶೇಂಗಾ ಮತ್ತು ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವುಗಳಿಗೆ ಹಾಕಿದ ಶೇಂಗಾ ಹಿಂಡಿಯಲ್ಲಿ ಈ ವಿಷ ಮೊದಲು ಪತ್ತೆಯಾಯಿತು. ನಮ್ಮ ದೇಶದಲ್ಲಿಯೇ 1974ರಲ್ಲಿ ರಾಜಸ್ಥಾನದ ಬಾನ್ಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ, ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಗೋವಿನಜೋಳವನ್ನು ಉಂಡು ಜನರಿಗೆ ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಬೇಯಿಸಿದರೂ ಹುರಿದರೂ ಈ ವಿಷ ಪೂರ್ತಿಯಾಗಿ ಹೋಗುವುದಿಲ್ಲ. ಬೂಷ್ಟು ಹಿಡಿದ ಕಾಳನ್ನು ದನಕ್ಕಾದರೂ ಹಾಕೋಣ ಎನ್ನುವುದೂ ತಪ್ಪು; ಹಾಲಿನಲ್ಲಿಯೂ ಅದರ ಅಂಶ ಇಳಿದು ಬರುತ್ತದೆ.

ಆದ್ದರಿಂದ ಹೊದಿಕೆ ಯಾವುದೆಂದು ಯೋಚಿಸುವ ಮೊದಲು, ಅದರ ಕೆಳಗೆ ಇರುವುದು ಹಸಿಯೋ ಒಣಗಿದ್ದೋ ಎಂಬುದನ್ನು ನೋಡಬೇಕು. ಗೋವಿನಜೋಳ ಶೇ. 12, ಶೇಂಗಾ ಕಾಯಿ ಶೇ. 8ರ ತೇವಾಂಶಕ್ಕೆ ಇಳಿದ ನಂತರವೇ ಅನೇಕ ದಿನ ಮುಚ್ಚಿಡಲು ತಕ್ಕುದು. ಅಲ್ಲಿಯವರೆಗೆ ಹೊದಿಕೆ ರಾತ್ರಿಗೆ ಮತ್ತು ಮಳೆಗೆ ಮಾತ್ರ. ಮಳೆ ನಿಂತು ಬಿಸಿಲು ಬಿದ್ದ ಕೂಡಲೆ ತೆಗೆದು ಕಾಳನ್ನು ಹರಡಬೇಕು.

ಯಾವ ಬಗೆ?

ಹಿಂದೆ ಬಳಕೆಯಲ್ಲಿದ್ದದ್ದು ಮೇಣ ಹಾಕಿದ ದಪ್ಪ ಹತ್ತಿ ಬಟ್ಟೆಯ ತಾಡಪತ್ರಿ. ಇದರಲ್ಲಿ ಸ್ವಲ್ಪ ಗಾಳಿಯಾಡುತ್ತದೆ. ಮಳೆ ಬಿದ್ದಾಗ ನೂಲು ಉಬ್ಬಿ ರಂಧ್ರಗಳು ಬಿಗಿಯಾಗುತ್ತವೆ, ಒಣಗಿದಾಗ ಮತ್ತೆ ಸಡಿಲಾಗುತ್ತವೆ. ಅರೆ ಒಣಗಿದ ರಾಶಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ತೂಕ ಬಹಳ, ಬೆಲೆಯೂ ಹೆಚ್ಚು. ಒದ್ದೆಯಾಗಿದ್ದಾಗ ಮಡಿಚಿಟ್ಟರೆ ಕೊಳೆತುಹೋಗುತ್ತದೆ.

ಇಂದು ಹೆಚ್ಚಾಗಿ ಸಿಗುವುದು ಪಾಲಿಥೀನ್ ಪಟ್ಟಿಗಳನ್ನು ನೇಯ್ದು ಎರಡೂ ಮೈಗೆ ಪದರ ಹಾಕಿದ ತಾಡಪತ್ರಿ. ಹಗುರ, ಕೊಳೆಯುವುದಿಲ್ಲ, ನೀರು ಬಿಡುವುದಿಲ್ಲ, ಗಾಳಿಯನ್ನೂ ಬಿಡುವುದಿಲ್ಲ. ಇದರ ದೊಡ್ಡ ಶತ್ರು ಬಿಸಿಲು. ಬಿಸಿಲು ತಡೆಯುವ ಮಿಶ್ರಣ ಹಾಕದ ಪಾಲಿಥೀನ್ ಬೇಗ ಗರಿಗರಿಯಾಗಿ ಮಡಿಕೆಗಳಲ್ಲಿ ಸೀಳುತ್ತದೆ. ಕಪ್ಪು ಹಾಳೆಯಲ್ಲಿರುವ ಇಂಗಾಲದ ಮಸಿ ಬಿಸಿಲನ್ನು ಚೆನ್ನಾಗಿ ತಡೆಯುವುದರಿಂದ ಕಪ್ಪು ತಾಡಪತ್ರಿ ಬಾಳಿಕೆ ಬರುತ್ತದೆ, ಆದರೆ ಕೆಳಗೆ ಕಾವು ಹೆಚ್ಚು. ಬೆಳ್ಳಿ ಬಣ್ಣ ಅಥವಾ ಬಿಳಿಯ ಮೈ ಬಿಸಿಲನ್ನು ತಿರುಗಿಸಿ ರಾಶಿಯನ್ನು ತಂಪಾಗಿಡುತ್ತದೆ. ಹೊಟ್ಟು, ಮೇವಿನ ಬಣವೆಗೆ ಕಪ್ಪು ಆದೀತು. ಕಾಳಿಗೆ, ಅದರಲ್ಲಿಯೂ ಬೀಜಕ್ಕೆ ಇಡುವ ಶೇಂಗಾಕ್ಕೆ, ತಿಳಿಬಣ್ಣವೇ ಲೇಸು. ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ತೆಳು ಹಾಳೆ ನೆಲಕ್ಕೆ ಹಾಸಲು ಆದೀತೇ ಹೊರತು ಗಾಳಿಗೆ ನಿಲ್ಲುವುದಿಲ್ಲ.

ತೂಕವೇ ಸಾಕ್ಷಿ

ನೇಯ್ದ ತಾಡಪತ್ರಿಯ ದಪ್ಪವನ್ನು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ. ಅಂಗಡಿಯ ಮಾತಿನಲ್ಲಿ ಜಿ.ಎಸ್.ಎಂ. ಹೊರೆಯ ಮೇಲೆ 250 ಎಂದು ಅಚ್ಚಾಗಿದ್ದ ಮಾತ್ರಕ್ಕೆ ಒಳಗೆ ಅಷ್ಟಿರಬೇಕೆಂದಿಲ್ಲ. ಇದನ್ನು ಪರೀಕ್ಷಿಸಲು ಅಂಗಡಿಯ ತಕ್ಕಡಿಯೇ ಸಾಕು. 8 ಮೀಟರು ಉದ್ದ, 6 ಮೀಟರು ಅಗಲದ ಹಾಳೆ 48 ಚದರ ಮೀಟರು. 250 ಗ್ರಾಂನಂತೆ ಅದು 12 ಕಿ.ಗ್ರಾಂ. ತೂಗಬೇಕು. ಅಡಿ ಲೆಕ್ಕದಲ್ಲಿ ಕೊಂಡರೆ ಚದರ ಅಡಿಯನ್ನು 10.76ರಿಂದ ಭಾಗಿಸಬೇಕು. 24ಕ್ಕೆ 18 ಅಡಿಯ ಹಾಳೆ 40 ಚದರ ಮೀಟರು, ಅಂದರೆ 10 ಕಿ.ಗ್ರಾಂ. ಅದು 5 ಕಿ.ಗ್ರಾಂ. ಮಾತ್ರ ತೂಗಿದರೆ ಕೊಡುತ್ತಿರುವುದು 125ರ ಹಾಳೆ. ಅಳತೆಯನ್ನೂ ಬಿಚ್ಚಿ ನೋಡುವುದು ಒಳ್ಳೆಯದು. ಅಂಚು ಮಡಿಚಿ ಹೊಲಿದ ಮೇಲೆ ಉಳಿಯುವುದೇ ನಿಜವಾದ ಅಳತೆ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 7903 ಗುರುತು ಇರುವುದನ್ನು ಆರಿಸಿದರೆ ಮೋಸದ ಸಂಭವ ಕಡಿಮೆ.

ನಂತರ ಹಾಳೆಯನ್ನು ಸೂರ್ಯನಿಗೆ ಹಿಡಿದು ಸೂಜಿರಂಧ್ರಗಳಿವೆಯೇ ನೋಡಬೇಕು. ಅಂಚಿನ ಮಡಿಕೆಯೊಳಗೆ ಹಗ್ಗ ಇರಬೇಕು. ಹಗ್ಗ ಕಟ್ಟುವ ಉಂಗುರಗಳು ಸುಮಾರು ಒಂದು ಮೀಟರಿಗೆ ಒಂದರಂತೆ ಇದ್ದು, ತುಕ್ಕು ಹಿಡಿಯದ ಅಲ್ಯೂಮಿನಿಯಂ ಅಥವಾ ಹಿತ್ತಾಳೆಯವಾಗಿರಬೇಕು. ಮೂಲೆಗಳಿಗೆ ಇಮ್ಮಡಿ ಪದರ ಬೇಕು, ಏಕೆಂದರೆ ಹರಿಯುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಹೊದಿಸುವ ಕ್ರಮ

ತಳಕಲ್, ಕುಕನೂರು, ಯಲಬುರ್ಗಾ ಕಡೆಯ ಬಯಲಿನಲ್ಲಿ ಗಾಳಿಗೆ ಅಡ್ಡಿಯೇ ಇಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಸಡಿಲವಾಗಿ ಪಟಪಟ ಬಡಿಯುವ ಹೊದಿಕೆ ಒಂದೇ ರಾತ್ರಿಯಲ್ಲಿ ಉಂಗುರದ ಬಳಿ ಹರಿದುಹೋಗಬಹುದು. ಚೂಪು ಕಲ್ಲು ಹೇರುವುದಕ್ಕಿಂತ ಉಸುಕು ತುಂಬಿದ ಚೀಲಗಳನ್ನು ಅಂಚಿಗೆ ಇಟ್ಟು, ರಾಶಿಯ ಮೇಲೆ ಅಡ್ಡಲಾಗಿ ಹಗ್ಗ ಹಾಯಿಸಿ ಗೂಟಕ್ಕೆ ಬಿಗಿಯಬೇಕು.

ರಾಶಿಯ ತಲೆ ಚಪ್ಪಟೆಯಾಗಿದ್ದರೆ ನೀರು ಮಡುಗಟ್ಟುತ್ತದೆ. ಒಂದು ಸೆಂ.ಮೀ. ಮಳೆ ಬಿದ್ದರೆ 48 ಚದರ ಮೀಟರಿನ ಹಾಳೆಯ ಮೇಲೆ 480 ಲೀಟರು ನೀರು ಬೀಳುತ್ತದೆ. ಅದು ಇಳಿದು ಹೋಗುವಂತೆ ರಾಶಿಯನ್ನು ಏಣು ಬರುವಂತೆ ಉದ್ದಕ್ಕೆ ಒಟ್ಟಬೇಕು. ಏಣಿನ ಮೇಲೆ ಬಿದಿರಿನ ಗಳ ಮಲಗಿಸಿ ಅದರ ಮೇಲೆ ಹಾಳೆ ಎಳೆದರೆ ಕಾಳಿಗೂ ಹೊದಿಕೆಗೂ ನಡುವೆ ಗೇಣುದ್ದ ಜಾಗ ಉಳಿಯುತ್ತದೆ. ಎರಡು ತುದಿಗಳಲ್ಲಿ ಗಾಳಿಗೆ ಕಿಂಡಿ ಬಿಡಬೇಕು. ಮಳೆ ಬರುವ ದಿಕ್ಕಿನ ತುದಿಯನ್ನು ಮಾತ್ರ ಆ ಹೊತ್ತಿಗೆ ಇಳಿಬಿಟ್ಟರೆ ಸಾಕು. ಸುತ್ತ ಒಂದು ಸಣ್ಣ ಕಾಲುವೆ ತೆಗೆಯುವುದನ್ನು ಮರೆಯಬಾರದು. ಎರೆಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳದೆ, ಮೇಲಿನಿಂದ ಇಳಿದ ನೀರು ರಾಶಿಯ ಬುಡಕ್ಕೆ ಹರಿದು ಬರುತ್ತದೆ. ಒಂದೇ ಹಾಳೆಯ ಅರ್ಧ ಹಾಸಿ ಅರ್ಧ ಹೊದಿಸುವುದು ಸರಿಯಲ್ಲ. ಹಾಸಲು ಹಳೆಯದು, ಹೊದಿಸಲು ಹೊಸದು ಎಂದು ಎರಡು ಇರಬೇಕು.

ಚೀಲ ತುಂಬಿ ಹೊರಗೆ ಪೇರಿಸುವವರಿಗೆ ಭಾರತ ಆಹಾರ ನಿಗಮ ಬಯಲು ದಾಸ್ತಾನಿಗೆ ಅನುಸರಿಸಿದ ಕ್ರಮವೇ ಮಾದರಿ: ಎತ್ತರದ ಕಟ್ಟೆ, ಅದರ ಮೇಲೆ ಮರದ ಹಲಗೆಗಳು, ಚೀಲಗಳ ಮೇಲೆ ಕಪ್ಪು ಪಾಲಿಥೀನ್ ಹೊದಿಕೆ, ಮೇಲೆ ನೈಲಾನ್ ಹಗ್ಗದ ಬಲೆ. ಅಲ್ಲಿಯೂ ಆಕಾಶ ತಿಳಿಯಾದ ದಿನ ಹೊದಿಕೆಯನ್ನು ಎತ್ತಿ ಗಾಳಿಯಾಡಿಸುವ ನಿಯಮವಿದೆ.

ಹೊರಗೆ ನಿಲ್ಲಿಸುವ ರಾಶಿ ಯಂತ್ರ, ಪಂಪ್‌ಸೆಟ್ಟುಗಳಿಗೆ ಹೊದಿಸುವಾಗಲೂ ನೆಲದವರೆಗೆ ಸುತ್ತಿ ಕಟ್ಟದೆ ಕೆಳಗೆ ಗಾಳಿಗೆ ಸ್ವಲ್ಪ ತೆರಪು ಬಿಡಬೇಕು. ಇಲ್ಲವಾದರೆ ಅದೇ ಇಬ್ಬನಿ ಕಬ್ಬಿಣಕ್ಕೆ ತುಕ್ಕು ತರಿಸುತ್ತದೆ. ಚೂಪು ಮೂಲೆಗಳಿಗೆ ಹಳೆಯ ಗೋಣಿ ಸುತ್ತಿ ನಂತರ ಹೊದಿಸಿದರೆ ಹಾಳೆ ಸವೆಯುವುದಿಲ್ಲ.

ಹಂಗಾಮು ಮುಗಿದ ಮೇಲೆ ತಾಡಪತ್ರಿಯನ್ನು ತೊಳೆದು, ನೆರಳಿನಲ್ಲಿ ಎರಡೂ ಮೈ ಒಣಗಿಸಿ, ಮಡಿಕೆ ಮುರಿಯದಂತೆ ಸುರುಳಿ ಸುತ್ತಿ ಅಟ್ಟದ ಮೇಲೆ ಇಡಬೇಕು. ಕಾಳು ಅಂಟಿಕೊಂಡಿದ್ದರೆ ಇಲಿಗಳು ಅದರ ಆಸೆಗೆ ಹಾಳೆಯನ್ನೂ ಕಡಿಯುತ್ತವೆ. ಸಣ್ಣ ತೂತುಗಳನ್ನು ಮುಂದಿನ ಹೆಸರಿನ ರಾಶಿಗೆ ಮೊದಲೇ ಅದೇ ಬಗೆಯ ತುಂಡಿನಿಂದ ಎರಡೂ ಕಡೆ ತೇಪೆ ಹಾಕಿ ಮುಚ್ಚಬೇಕು.